ಲೆಕ್ಕ ನೋಡುವವರ ಲೆಕ್ಕ ನೋಡುವವರು ಯಾರು?



ಸೊಪ್ಪು ತೂಗುವಾಗ ನಮ್ಮ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆಯೇ ಇರುತ್ತದೆ. ಅರ್ಧ ಕಿಲೋ ಕಡಿಮೆ ಬರೆದರೆ ರೈಟರನ್ನು ಕೇಳದೆ ಬಿಡುವುದಿಲ್ಲ. ಕೋಟಿಗಟ್ಟಲೆ ಹಣದ ತಕ್ಕಡಿಯನ್ನು ನೋಡುವವರು ಮಾತ್ರ ಕಣ್ಣು ಮುಚ್ಚಿಕೊಳ್ಳಬಹುದೇ?

ಹೈದರಾಬಾದಿನ ಸತ್ಯಂ ಕಂಪೆನಿಯ ಸಂಗತಿ ನೋಡಿರಿ. ಬ್ಯಾಂಕಿನಲ್ಲಿದೆ ಎಂದು ತೋರಿಸಿದ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರೇ ಕಾಗದ ಬರೆದು ಒಪ್ಪಿಕೊಂಡರು. ವರ್ಷ ವರ್ಷವೂ ಆ ಲೆಕ್ಕಕ್ಕೆ ಸಹಿ ಹಾಕಿದವರು ಹೆಸರಾಂತ ಪ್ರೈಸ್ ವಾಟರ್‌ಹೌಸ್ ಲೆಕ್ಕಪರಿಶೋಧಕರು. ಬ್ಯಾಂಕಿಗೆ ತಾವೇ ಬರೆದು ವಿಚಾರಿಸಬೇಕಾದ ಕೆಲಸವನ್ನು ಅವರು ಕಂಪೆನಿಯವರ ಕೈಗೇ ಬಿಟ್ಟಿದ್ದರೆಂದು ಅಮೆರಿಕದ ಷೇರುಪೇಟೆ ನಿಯಂತ್ರಕರು 2011ರಲ್ಲಿ ಹೇಳಿ ದಂಡ ವಿಧಿಸಿದರು. ಬೆಕ್ಕಿನ ಮುಂದೆ ಹಾಲಿಟ್ಟು ಬೆಕ್ಕನ್ನೇ ಕಾವಲಿಟ್ಟಂತಾಯಿತು!

ಮುಂದೆ ಆದದ್ದೇನು? 2015ರ ಏಪ್ರಿಲಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯವು ರಾಜು ಅವರನ್ನೂ ಇಬ್ಬರು ಲೆಕ್ಕಪರಿಶೋಧಕರನ್ನೂ ಸೇರಿಸಿ 10 ಮಂದಿಗೆ 7 ವರ್ಷ ಸೆರೆ ವಿಧಿಸಿತು. ಅವರು ಮೇಲ್ಮನವಿ ಹೂಡಿ ಮರುತಿಂಗಳೇ ಜಾಮೀನು ಪಡೆದರು. ಆ ಲೆಕ್ಕಪರಿಶೋಧನಾ ಸಂಸ್ಥೆಗೆ ಸೆಬಿ 2018ರಲ್ಲಿ ಹಾಕಿದ 2 ವರ್ಷದ ನಿಷೇಧವನ್ನು 2019ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ರದ್ದುಮಾಡಿತು.

ಲೆಕ್ಕಪರಿಶೋಧಕರೆಲ್ಲರೂ ಮೋಸಗಾರರೆಂದು ನಾವು ಹೇಳುವುದಿಲ್ಲ. ಆದರೆ ಯಾರ ಲೆಕ್ಕ ನೋಡಬೇಕೋ ಅವರಿಂದಲೇ ಸಂಬಳ ಪಡೆಯುವ ಪದ್ಧತಿಯಲ್ಲೇ ದೋಷವಿದೆ. ಆ ಸಹಿಯನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ, ಬಡವನು ಉಳಿತಾಯ ಹಾಕುತ್ತಾನೆ, ತೆರಿಗೆ ಇಲಾಖೆಯೂ ಅದನ್ನು ಮುಂದಿಟ್ಟುಕೊಂಡು ತೆರಿಗೆ ಲೆಕ್ಕ ಹಾಕುತ್ತದೆ. ನಾವಾದರೋ ಒಂದು ಸೋಪು ಕೊಂಡರೂ ಅಂಗಡಿಯಲ್ಲೇ ತೆರಿಗೆ ತೆತ್ತು ಬರುತ್ತೇವೆ. ನಮಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. 2018ರಲ್ಲಿ ಕೇಂದ್ರ ಸರಕಾರವು ಲೆಕ್ಕಪರಿಶೋಧಕರ ಮೇಲೆ ಒಂದು ಪ್ರತ್ಯೇಕ ಪ್ರಾಧಿಕಾರವನ್ನು ನೇಮಿಸಿದ್ದು ಒಳ್ಳೆಯದೇ. ಆದರೆ ಅದರ ಕೈ ಷೇರುಪೇಟೆಯ ಕಂಪೆನಿಗಳಿಗೂ ಇತರ ದೊಡ್ಡ ಕಂಪೆನಿಗಳಿಗೂ ಮಾತ್ರ ಎಟಕುತ್ತದೆ. ಸಣ್ಣ ತೋಟಗಳ ಲೆಕ್ಕ ಅದರ ಹೊರಗೇ ಉಳಿಯುತ್ತದೆ.

ಆದದರಿಂದ ನಮ್ಮ ಲೆಕ್ಕವನ್ನು ನಾವೇ ನೋಡಿಕೊಳ್ಳಬೇಕು. ಸಂಬಳದಲ್ಲಿ ಹಿಡಿದ ಪಿ.ಎಫ್. ಹಣವು ಮಾಲೀಕರ ಪಾಲಿನೊಂದಿಗೆ ನಿಮ್ಮ ಹೆಸರಿಗೆ ಜಮೆಯಾಗಿದೆಯೇ? ಸಂಬಳ ಚೀಟಿಯನ್ನು ಜೋಪಾನವಾಗಿಡಿರಿ. ಓದಿದ ಮಕ್ಕಳಿಂದ ಪಿ.ಎಫ್. ಪಾಸ್‌ಬುಕ್ಕನ್ನು ಫೋನಿನಲ್ಲಿ ತೆಗೆಸಿ, ಎರಡನ್ನೂ ಹೋಲಿಸಿ ನೋಡಿರಿ. ವ್ಯತ್ಯಾಸ ಕಂಡರೆ ಸಂಘದ ಮೂಲಕ ಬರೆದು ಕೇಳಿರಿ. ಲೆಕ್ಕ ಕೇಳುವುದು ಜಗಳವಲ್ಲ, ದುಡಿದವರ ಹಕ್ಕು.