ಚೆಕ್ ಓಡುತ್ತಿದೆ, ಡಬ್ಬಿ ನಿಂತಿದೆ

ಕಳೆದ ನವೆಂಬರ್‌ನಲ್ಲಿ ಎಂ.ಕಾಂ ಪ್ರವೇಶ ಶುಲ್ಕ ಕಟ್ಟಲು ನನಗಿದ್ದ ಕೊನೆಯ ದಿನ ಸೋಮವಾರ. ಅಡಿಕೆ ಮಾರಿದ್ದಕ್ಕೆ ವ್ಯಾಪಾರಿ ಕೊಟ್ಟ ₹1.40 ಲಕ್ಷದ ಚೆಕ್ ಹಿಡಿದು ಅಪ್ಪ ಶುಕ್ರವಾರ ಮಧ್ಯಾಹ್ನ ಹೊಳಲ್ಕೆರೆಗೆ ಹೋದರು. ಕೌಂಟರ್ ಮುಂದೆ ಉದ್ದನೆಯ ಸಾಲಿತ್ತು. ‘ಡಬ್ಬಿಗೆ ಹಾಕಿಬಿಡಿ ಅಪ್ಪ, ಈಗ ಅದೇ ದಿನ ಹಣ ಬರುತ್ತೆ’ ಎಂದು ಫೋನಿನಲ್ಲಿ ಹೇಳಿದವಳು ನಾನೇ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆನಲ್ಲ, ಹೊಸ ನಿಯಮವೆಲ್ಲ ಬಾಯಿಪಾಠವಾಗಿತ್ತು.

ಸಂಜೆ ಹಣ ಬರಲಿಲ್ಲ. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಬೆಳಿಗ್ಗೆ ಅಮ್ಮನ ಬಳೆ ಅಡವಿಟ್ಟು ಶುಲ್ಕ ಕಟ್ಟಿದೆವು. ಚೆಕ್ಕಿನ ಹಣ ಜಮೆಯಾದ ಸಂದೇಶ ಬಂದದ್ದು ಅದೇ ದಿನ ರಾತ್ರಿ. ವಿಚಾರಿಸಿದಾಗ ಕೌಂಟರ್‌ನಲ್ಲಿದ್ದವರು, ‘ಶುಕ್ರವಾರ ಡಬ್ಬಿ ತೆಗೆದಾದ ಮೇಲೆ ನಿಮ್ಮ ಚೆಕ್ ಬಿದ್ದಿದೆ ಕಣಮ್ಮ. ಇಲ್ಲೇ ಕೊಟ್ಟು ಸೀಲು ಹಾಕಿಸಿಕೊಳ್ಳಬೇಕಿತ್ತು’ ಎಂದರು.

ಹಾಗಾದರೆ ನಾನು ಓದಿದ್ದು ಸುಳ್ಳೇ? ಅಲ್ಲ. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಚೆಕ್ ಕ್ಲಿಯರಿಂಗ್ ಪದ್ಧತಿಯನ್ನು ಬದಲಿಸಿದೆ. ಚೆಕ್ ಈಗ ಊರಿಂದೂರಿಗೆ ಹೋಗುವುದಿಲ್ಲ. ಸ್ಕ್ಯಾನ್ ಮಾಡಿದ ಅದರ ಚಿತ್ರ ಮಾತ್ರ ಹೋಗುತ್ತದೆ. ಮೊದಲು ಈ ಚಿತ್ರಗಳನ್ನು ಕಂತೆಕಂತೆಯಾಗಿ ಕಳಿಸುತ್ತಿದ್ದರು, ಹಣ ಸಾಮಾನ್ಯವಾಗಿ ಮರುದಿನ ಅಥವಾ ಅದರಾಚೆ ಸಿಗುತ್ತಿತ್ತು. ಈಗ ಸ್ಕ್ಯಾನ್ ಆದ ಕೂಡಲೇ ಚಿತ್ರ ಹೊರಡುತ್ತದೆ. ಚೆಕ್ ಬರೆದುಕೊಟ್ಟವರ ಬ್ಯಾಂಕು ಅದೇ ಸಂಜೆ 7ರೊಳಗೆ ‘ಸರಿ’ ಅಥವಾ ‘ಇಲ್ಲ’ ಎನ್ನಬೇಕು. ಸುಮ್ಮನಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆದ ಒಂದು ಗಂಟೆಯೊಳಗೆ ಗ್ರಾಹಕನ ಕೈಗೆ ಹಣ ಸಿಗಬೇಕು. ಮೂರೇ ಗಂಟೆಯಲ್ಲಿ ಉತ್ತರ ಕೊಡಬೇಕೆಂಬ ಎರಡನೇ ಹಂತ 2026ರ ಜನವರಿ 3ರಿಂದ ಶುರುವಾಗಬೇಕಿತ್ತು. ಡಿಸೆಂಬರ್‌ನಲ್ಲಿ ಅದನ್ನು ಮುಂದೂಡಲಾಯಿತು.

ಆದರೆ ಈ ಗಡಿಯಾರ ಓಡಲು ಶುರುವಾಗುವುದು ಸ್ಕ್ಯಾನ್ ಆದ ಮೇಲೆ. ಡಬ್ಬಿಯಿಂದ ಸ್ಕ್ಯಾನರ್‌ವರೆಗೆ ಇರುವುದು ಹತ್ತು ಹೆಜ್ಜೆ. ನಮ್ಮ ಚೆಕ್ ಅದನ್ನು ದಾಟಲು ಮೂರು ದಿನ ತೆಗೆದುಕೊಂಡಿತು, ಆ ಮೂರು ದಿನ ಯಾರ ಲೆಕ್ಕಕ್ಕೂ ಸಿಗಲಿಲ್ಲ. ವೇಗದ ಮಾತು ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಇದೇ: ಎಲ್ಲಿಂದ ಎಲ್ಲಿಗೆ?

ಯುಪಿಐ ಕಾಲದಲ್ಲಿ ಚೆಕ್ ಯಾಕೆ ಎಂದು ಗೆಳತಿಯರು ನಗುತ್ತಾರೆ. ಒಬ್ಬರಿಂದ ಒಬ್ಬರಿಗೆ ಯುಪಿಐನಲ್ಲಿ ದಿನಕ್ಕೆ ಸಾಮಾನ್ಯವಾಗಿ ₹1 ಲಕ್ಷದ ಮಿತಿ ಇದೆ. ಮೊಬೈಲಿನಲ್ಲಿ ದೊಡ್ಡ ಮೊತ್ತ ಕಳಿಸಲು ಅಂಜುವ ಹಿರಿಯರೂ ಇದ್ದಾರೆ. ಅಡಿಕೆ, ಕೊಬ್ಬರಿ ಮಾರುವ ಮನೆಗಳಲ್ಲಿ ವರ್ಷದ ದೊಡ್ಡ ಹಣ ಇಂದಿಗೂ ಚೆಕ್ಕಿನಲ್ಲಿ ಬರುವುದುಂಟು. ಮಕ್ಕಳ ಶುಲ್ಕ ಹೋಗುವುದು ಅದರಿಂದಲೇ.

ಹೊಸ ಪದ್ಧತಿ ಚೆಕ್ ಬರೆಯುವವರನ್ನೂ ಎಚ್ಚರಿಸಬೇಕು. ‘ಇವತ್ತು ಬರೆದುಕೊಡೋಣ, ನಾಳೆ ಖಾತೆಗೆ ಹಣ ತುಂಬಿದರಾಯಿತು’ ಎಂಬ ರೂಢಿ ಇನ್ನು ನಡೆಯದು. ಸಂಜೆಯೊಳಗೇ ಚೆಕ್ ಬೌನ್ಸ್ ಆಗಬಹುದು. ಖಾತೆಯಲ್ಲಿ ಹಣವಿಲ್ಲದೆ ವಾಪಸಾದರೆ, ವಿಷಯ ತಿಳಿದ 30 ದಿನಗಳಲ್ಲಿ ನೋಟಿಸ್ ಕೊಡಬಹುದು. ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಕೊಡದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಮೊಕದ್ದಮೆ ಹೂಡಲು ಅವಕಾಶವಿದೆ. ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ.

ನಾನು ಪೆಟ್ಟು ತಿಂದು ಕಲಿತದ್ದನ್ನು ನೀವು ಓದಿ ಕಲಿಯಿರಿ. ತುರ್ತಿದ್ದರೆ ಚೆಕ್ಕನ್ನು ಬೆಳಿಗ್ಗೆಯೇ ಕೌಂಟರ್‌ನಲ್ಲಿ ಕೊಟ್ಟು ಚಲನ್‌ನ ಅರ್ಧಕ್ಕೆ ಸೀಲು ಹಾಕಿಸಿಕೊಳ್ಳಿ. ಡಬ್ಬಿ ಇದೆ ಎಂಬ ಕಾರಣಕ್ಕೆ ಯಾವ ಶಾಖೆಯೂ ರಸೀದಿ ನಿರಾಕರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರೇ ತಿಂಗಳು ಅದಕ್ಕೆ ಆಯುಷ್ಯ. ಹೆಸರು, ಮೊತ್ತ ತಿದ್ದಿದ ಚೆಕ್ ತೆಗೆದುಕೊಳ್ಳಬೇಡಿ, ಹೊಸದು ಕೇಳಿ. ಮೊತ್ತ ₹50 ಸಾವಿರ ಅಥವಾ ಹೆಚ್ಚಿದ್ದರೆ, ಚೆಕ್ಕಿನ ವಿವರವನ್ನು ಮುಂಚಿತವಾಗಿ ತಮ್ಮ ಬ್ಯಾಂಕಿಗೆ ತಿಳಿಸುವ ‘ಪಾಸಿಟಿವ್ ಪೇ’ ಸೌಲಭ್ಯ ಬಳಸುವಂತೆ ಕೊಟ್ಟವರಿಗೆ ಹೇಳಿ.

ಬ್ಯಾಂಕುಗಳಿಗೂ ಒಂದು ಮಾತು. ಪ್ರತಿ ಡಬ್ಬಿಯ ಮೇಲೆ ‘ಇಷ್ಟು ಗಂಟೆಯ ನಂತರ ಹಾಕಿದ ಚೆಕ್ ಮುಂದಿನ ಕೆಲಸದ ದಿನಕ್ಕೆ’ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಲು ಬೇಕಾದದ್ದು ಒಂದು ಹಾಳೆ, ಸ್ವಲ್ಪ ಅಂಟು. ಅಷ್ಟಿದ್ದಿದ್ದರೆ ಅಪ್ಪ ಆ ದಿನ ಸಾಲಿನಲ್ಲೇ ನಿಲ್ಲುತ್ತಿದ್ದರು.

ಬಳೆ ಬಿಡಿಸಿಕೊಂಡು ಬಂದಿದ್ದೇವೆ. ಅದಕ್ಕೆ ಕಟ್ಟಿದ ಬಡ್ಡಿ ದೊಡ್ಡದೇನಲ್ಲ. ಆದರೆ ನಮ್ಮದೇ ಹಣ ಡಬ್ಬಿಯಲ್ಲಿರುವಾಗ ಕಟ್ಟಿದ ಬಡ್ಡಿ ಅದು.