ಬಿಸಿಲಿಗೆ ಬಯ್ಯಬೇಡಿ, ಶೋಕೇಸಿನ ಬಾಗಿಲು ತೆಗೀರಿ

ಹೋದ ಬೇಸಿಗೆಯಲ್ಲಿ ಎಮ್ಮೆದೊಡ್ಡಿಗೆ ಹೋದಾಗ ಮನೆಯ ಟಿವಿ ಪಕ್ಕದ ಪುಟಾಣಿ ಕಂಪ್ಯೂಟರ್ ಸತ್ತು ಮಲಗಿತ್ತು. ನಾನೇ ಜೋಡಿಸಿ ಕೊಟ್ಟದ್ದು. ಅದರಲ್ಲಿದ್ದ ಸಿನಿಮಾ ಹೋದ್ರೆ ಹೋಗಲಿ, ಮತ್ತೆ ಸಿಗುತ್ತೆ. ಆದ್ರೆ ಅಕ್ಕನ ಮದುವೆಯ ಹಳೇ ಕ್ಯಾಸೆಟ್ಟಿನಿಂದ ಇಳಿಸಿಟ್ಟ ವಿಡಿಯೊನೂ ಅದರ ಹಾರ್ಡ್ ಡಿಸ್ಕಿನಲ್ಲೇ ಇತ್ತು. ಅದರಲ್ಲಿ ನಮ್ಮಜ್ಜಿ ಸೋಬಾನೆ ಹಾಡಿದ್ದಳು. ಅಜ್ಜಿ ಈಗಿಲ್ಲ. ಕ್ಯಾಸೆಟ್ಟು ಬೂಷ್ಟು ಹಿಡಿದು ಎಂದೋ ತಿಪ್ಪೆ ಸೇರಿದೆ.

ಇನ್ನೊಂದು ಕಾಪಿ ಇಟ್ಟುಕೊಳ್ಳದಿದ್ದದ್ದು ನನ್ನದೇ ತಪ್ಪು, ಒಪ್ಪಿದೆ. ಆದ್ರೆ ರಿಪೇರಿಯವರು ಹೇಳಿದ ಮಾತು ಇನ್ನೂ ತಲೆ ತಿನ್ನುತ್ತಿದೆ. "ನಿಮ್ ಕಡೆ ಬಿಸಿಲಿಗೆ ಇವೆಲ್ಲಾ ಬಾಳಲ್ಲ ಸಾರ್, ಎಸಿ ಹಾಕ್ಸಿ."

ಶುದ್ಧ ಸುಳ್ಳು!

ನಮ್ಮದು ಬಾಬಾಬುಡನ್‌ಗಿರಿಯ ಮಳೆನೆರಳು, ಬೇಸಿಗೆಯಲ್ಲಿ ಸುಡುತ್ತೆ, ನಿಜ. ಏಪ್ರಿಲ್ ಮಧ್ಯಾಹ್ನ ೩೬-೩೭ ಡಿಗ್ರಿ ಅಂತಿಟ್ಟುಕೊಳ್ಳಿ. ಆದ್ರೆ ಸಾಮಾನ್ಯ ಹಾರ್ಡ್ ಡಿಸ್ಕು ೬೦ ಡಿಗ್ರಿವರೆಗೆ ಕೆಲಸ ಮಾಡೋಕೆ ಅಂತಲೇ ಮಾಡಿದ್ದು. ಇಂದಿನ ಎಷ್ಟೋ ಪ್ರೊಸೆಸರುಗಳು ೧೦೦ರ ಹತ್ತಿರ ಹೋದಾಗ ಮಾತ್ರ ತಾವಾಗೇ ನಿಧಾನವಾಗುತ್ತವೆ. ಹಾಗಿದ್ರೆ ನಡುವಿನ ಆ ಇಪ್ಪತ್ತು ಮೂವತ್ತು ಡಿಗ್ರಿ ಸೇರಿಸಿದ್ದು ಯಾರು? ಸೂರ್ಯನಾ?

ಅದರ ಹಿಂದಿನ ದೀಪಾವಳಿಗೆ ನಾನೇ ನೋಡಿದ್ದೆ. ಹೊರಗೆ ಶಾಲು ಹೊದೆಯುವಷ್ಟು ಚಳಿ, ಡಿಸ್ಕ್ ಮಾತ್ರ ೫೮ ತೋರಿಸ್ತಿತ್ತು. ನೋಡಿ ಸುಮ್ಮನಾದೆ. ಕಾರಣ ಕಣ್ಣೆದುರಿಗೇ ಇತ್ತು: ಗಾಜಿನ ಬಾಗಿಲಿನ ಶೋಕೇಸು, ಡಬ್ಬಿಯ ಮೇಲೆ ಅಮ್ಮ ಹೆಣೆದ ಕ್ರೋಶಾ ಬಟ್ಟೆ, ಬಟ್ಟೆಯ ಮೇಲೆ ಸೆಟ್ ಟಾಪ್ ಬಾಕ್ಸು, ಪಕ್ಕದಲ್ಲೇ ಬಿಸಿ ಕಾರುವ ಸ್ಟೆಬಿಲೈಸರು. ಅಮ್ಮ ಆಗಲೇ ಕೇಳಿದ್ದಳು, "ಇದೇನೋ, ಒಲೆಕಟ್ಟೆ ತರ ಸುಡುತ್ತಲ್ಲೋ?" ಅಂತ. "ಅದು ಹಾಗೇ ಕಣಮ್ಮ" ಅಂದಿದ್ದೆ. ಬುದ್ಧಿವಂತ ನಾನು :(

ಕಂಪ್ಯೂಟರ್ ೪೦ ವ್ಯಾಟ್ ಕರೆಂಟ್ ತಿಂದರೆ ಅಷ್ಟೂ ಕೊನೆಗೆ ಬಿಸಿಯಾಗೇ ಹೊರಗೆ ಬರಬೇಕು. ಕೋಳಿಮರಿ ಸಾಕುವವರು ಮರಿಗಳು ಬೆಚ್ಚಗಿರಲಿ ಅಂತ ಬಲ್ಬು ಉರಿಸಿಡೋದು ನೋಡಿದ್ದೀರಲ್ಲ? ಮುಚ್ಚಿದ ಶೋಕೇಸಿನಲ್ಲಿ ನಾವು ಮಾಡ್ತಿರೋದೂ ಅದೇ. ಅಲ್ಲಿ ಮರಿ ಬದುಕುತ್ತೆ, ಇಲ್ಲಿ ಡಿಸ್ಕ್ ಸಾಯುತ್ತೆ.

ಇನ್ನು "ಫ್ಯಾನೇ ಇಲ್ಲ, ಸದ್ದೇ ಇಲ್ಲ" ಅಂತ ಹೊಗಳಿ ಬರೆಯುವ ನಮ್ಮ ಬೆಂಗಳೂರಿನ ಗೆಳೆಯರಿಗೆ ಎರಡು ಮಾತು. ಆರೇಳು ವ್ಯಾಟಿನ ಚಿಪ್ಪು ತೆರೆದ ಮೇಜಿನ ಮೇಲಿದ್ರೆ ಫ್ಯಾನ್ ಬೇಡ, ಸರಿ. ಆದ್ರೆ ಜನ ಅದನ್ನ ಇಡೋದು ಮೇಜಿನ ಮೇಲಲ್ಲ, ಬೀರುವಿನೊಳಗೆ. ರಾಸ್ಪ್‌ಬೆರಿ ಪೈ ೪ ಫ್ಯಾನಿಲ್ಲದೆ ಬಂದದ್ದು ೨೦೧೯ರಲ್ಲಿ. ೮೦ ಡಿಗ್ರಿ ಮುಟ್ಟಿದ್ರೆ ಏದುಸಿರು ಬಿಡ್ತಿತ್ತು. ೨೦೨೩ರಲ್ಲಿ ಪೈ ೫ ಬಂದಾಗ ಅದೇ ಕಂಪನಿ ಫ್ಯಾನಿರುವ ಕೂಲರನ್ನೂ ಮಾರೋಕೆ ಶುರುಮಾಡ್ತು. ಎಕ್ಸ್‌ಬಾಕ್ಸ್ ೩೬೦ರ ಕೆಂಪು ದೀಪದ ಕಥೆ ಗೊತ್ತಲ್ಲ? ಬಿಸಿಯಾಗಿ ಆರಿ, ಬಿಸಿಯಾಗಿ ಆರಿ, ಚಿಪ್ಪಿನ ಬೆಸುಗೆಗಳು ಬಿಡ್ತಿದ್ವು. ೨೦೦೭ರಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಎತ್ತಿಡಬೇಕಾಯ್ತು. ಅಮೆರಿಕದಲ್ಲೇನು ಎಮ್ಮೆದೊಡ್ಡಿ ಬಿಸಿಲಿತ್ತಾ?

ಅಜ್ಜಂಪುರ, ತರೀಕೆರೆ ಕಡೆ ಈರುಳ್ಳಿ ಕೂಡಿಡುವವರನ್ನ ಕೇಳಿ ನೋಡಿ. ಅಟ್ಟಣಿಗೆಯನ್ನ ನೆಲದಿಂದ ಮೇಲೆತ್ತಿ, ಕೆಳಗಿಂದಲೂ ಪಕ್ಕದಿಂದಲೂ ಗಾಳಿ ಆಡೋ ಹಾಗೆ ಇಡ್ತಾರೆ. ಗಾಜಿನ ಬೀರುವಿನಲ್ಲಿ ತುಂಬಿ ಮೇಲೆ ಬಟ್ಟೆ ಹೊದಿಸಲ್ಲ. ಈರುಳ್ಳಿಗೆ ಕೊಡೋ ಮರ್ಯಾದೆ ಸಾವಿರಾರು ರೂಪಾಯಿಯ ಯಂತ್ರಕ್ಕೆ ಯಾಕಿಲ್ಲ?

ಈಗ ಅದೇ ಶೋಕೇಸಿನಲ್ಲಿ ಅಂಥದ್ದೇ ಹೊಸ ಡಬ್ಬಿ ಇದೆ. ಬಡಗಿಯವರನ್ನ ಕರೆಸಿ ಹಿಂದಿನ ಹಲಗೆಯಲ್ಲಿ ಕೆಳಗೊಂದು ಮೇಲೊಂದು ಕಿಂಡಿ ಕೊರೆಸಿದೆ. ಬಿಸಿಗಾಳಿ ಮೇಲಿಂದ ಹೋಗುತ್ತೆ, ತಣ್ಣನೆಯದು ಕೆಳಗಿಂದ ಬರುತ್ತೆ. ಹಳೇ ಮನೆಗಳ ಹೊಗೆಗೂಡಿನ ಲೆಕ್ಕವೇ. ಮೇಲಿನ ಕಿಂಡಿಗೆ ನಿಧಾನ ತಿರುಗುವ ೧೨೦ ಮಿಲಿಮೀಟರಿನ ಫ್ಯಾನು. ಸಣ್ಣ ಫ್ಯಾನಿನ ಹಾಗೆ ಗುಂಯ್ ಅನ್ನಲ್ಲ. ಕೆಳಗಿನದಕ್ಕೆ ಧೂಳು ತಡೆಯೋ ಜಾಲರಿ, ತಿಂಗಳಿಗೊಮ್ಮೆ ಬ್ರಶ್ಶು. ವಿಡಿಯೊ ಬಿಡಿಸೋ ಕೆಲಸ ಪ್ರೊಸೆಸರಿನ ಬದಲು ಗ್ರಾಫಿಕ್ಸ್ ಚಿಪ್ಪು ಮಾಡೋ ಹಾಗೆ ಪ್ಲೇಯರಿನಲ್ಲಿ ಸೆಟ್ಟಿಂಗ್ ಬದಲಿಸಿದೆ. ಈ ಏಪ್ರಿಲಿನ ಮಧ್ಯಾಹ್ನ ಡಿಸ್ಕು ತೋರಿಸಿದ್ದು ೪೬ ಡಿಗ್ರಿ. ದೀಪಾವಳಿ ಚಳಿಯಲ್ಲಿ ೫೮, ಉರಿಬಿಸಿಲಲ್ಲಿ ೪೬! ಈಗ ಹೇಳಿ, ತಪ್ಪು ಬಿಸಿಲಿನದಾ?

ಕ್ರೋಶಾ ಬಟ್ಟೆಯನ್ನ ಅಮ್ಮನೇ ತೆಗೆದು ಟೀಪಾಯಿಗೆ ಹಾಸಿದಳು. ಒಂದು ಮಾತೂ ಆಡಲಿಲ್ಲ. ಸಂಜೆ ಮಾತ್ರ "ಅದರಲ್ಲಿ ನಿಮ್ಮಜ್ಜಿ ಹಾಡು ಬರಲ್ವೇನೋ?" ಅಂತ ಕೇಳಿದಳು.

ನೀವೂ ಇವತ್ತು ನಿಮ್ಮನೆ ಡಬ್ಬಿಯ ಮೇಲೆ ಒಮ್ಮೆ ಕೈಯಿಟ್ಟು ನೋಡಿ. ಸುಡ್ತಿದ್ರೆ ಮೊದಲು ಅದರಲ್ಲಿರೋದನ್ನ ಇನ್ನೊಂದು ಕಡೆ ಕಾಪಿ ಮಾಡಿ. ಆಮೇಲೆ ಬಡಗಿಯನ್ನ ಕರೀರಿ. ಎಸಿ ಬೇಡ.