ಗುಳಿಗೆಗಾಗಿ ಗೋರ್ಟಾದಿಂದ ಬಸ್ಸು ಹತ್ತಬೇಕೆ?

ಗೋರ್ಟಾ (ಬಿ)ಯಿಂದ ಬಸವಕಲ್ಯಾಣಕ್ಕೆ ಹೊರಟವರ ಕೈಚೀಲ ನೋಡಿರಿ. ಸಂತೆಗೆ ಹೋಗುವವರದ್ದು ಖಾಲಿ. ದವಾಖಾನೆಗೆ ಹೋಗುವವರದ್ದರಲ್ಲಿ ಹಳೇ ಚೀಟಿ, ಮುಗಿದ ಗುಳಿಗೆ ಪಟ್ಟಿ, ಎರಡು ರೊಟ್ಟಿ. ಪಾಳಿ ಯಾವಾಗ ಬರುತ್ತದೋ ಯಾರು ಕಂಡವರು!

ಇವರಲ್ಲಿ ಬಹಳ ಮಂದಿಗೆ ಹಾಸಿಗೆ ಬೇಡ, ಆಪರೇಷನ್ ಬೇಡ. ಬಿಪಿ, ಸಕ್ಕರೆ ಕಾಯಿಲೆಯ ತಿಂಗಳ ಗುಳಿಗೆ ಸಿಕ್ಕರೆ ಸಾಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಖರೆ. ಆದರೆ ತೊಗರಿ ರಾಶಿಯ ದಿನ ಹೋದ ಕೂಲಿಯನ್ನು ಕಂಡಕ್ಟರ್ ಕೊಡುತ್ತಾನೇನು? ಜೋಡಿಗೆ ಬಂದ ಮಗನ ಕೂಲಿಯೂ ಹೋಯಿತು, ಅವನಿಗೆ ಟಿಕೆಟ್ಟೂ ಬಿತ್ತು.

ಅಂಗಡಿಕಾರರದ್ದು ಬೇರೆ ಗೋಳು. ಗಿರಾಕಿ ಬರುವ ಹೊತ್ತಿಗೇ ದವಾಖಾನೆ ತೆರೆಯುತ್ತದೆ. ಶಟರ್ ಎಳೆದು ಪಾಳಿಯಲ್ಲಿ ನಿಲ್ಲುವುದಕ್ಕಿಂತ ಮೆಡಿಕಲ್‌ನಲ್ಲಿ ಹಳೇ ಚೀಟಿ ತೋರಿಸಿ ಹತ್ತು ಗುಳಿಗೆ ಕೊಳ್ಳುವುದೇ ಸಲೀಸು. ಅವು ಮುಗಿದ ಮೇಲೆ? ತಲೆ ಸುತ್ತುವವರೆಗೆ ನೆನಪಿಲ್ಲ!

2018ರಲ್ಲಿ ಬಂದ ಆಯುಷ್ಮಾನ್ ಕಾರ್ಡು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ದಾಖಲಾದ ರೋಗಿಗೆ. ಖಾಸಗಿ ಡಾಕ್ಟರಿಗೆ ತೋರಿಸಿ ಗುಳಿಗೆ ಕೊಂಡು ಬರುವವನ ಖರ್ಚು ಅವನ ಕಿಸೆಯಿಂದಲೇ. ಅಂದರೆ ಗುಳಿಗೆ ತಪ್ಪಿ ಲಕ್ವಾ ಹೊಡೆದು ಬೀದರಿನ ಬ್ರಿಮ್ಸ್‌ಗೆ ಸಾಗಿಸಿದಾಗ ಕಾರ್ಡು ಕೆಲಸಕ್ಕೆ ಬಂತು. ಅಲ್ಲಿಯತನಕ ಅದು ಟ್ರಂಕಿನಲ್ಲಿ!

ದಾರಿ ಇಲ್ಲವೆಂದಲ್ಲ. 2017ರಲ್ಲಿ ಶುರುವಾದ ದೇಶದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಒಮ್ಮೆಗೆ ಕನಿಷ್ಠ 30 ದಿನದ ಗುಳಿಗೆ ಕೊಡಿ, ಅದೂ ರೋಗಿಯ ಹತ್ತಿರದ ಉಪಕೇಂದ್ರದಲ್ಲೇ ಕೊಡಿ ಎನ್ನುತ್ತದೆ. ತಮಿಳುನಾಡು 2021ರಿಂದ ಮನೆಬಾಗಿಲಿಗೇ ಮುಟ್ಟಿಸುತ್ತಿದೆ. ನಮ್ಮ ಸರಕಾರವೂ 2024ರಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಆರಂಭಿಸಿತು. 2019ರಿಂದ ಇ-ಸಂಜೀವಿನಿ ಇದೆ. ಊರಲ್ಲೇ ಕುಳಿತು ಪಟ್ಟಣದ ಡಾಕ್ಟರ ಜೊತೆ ಮಾತಾಡಬಹುದು.

ಹೊಸ ಕಟ್ಟಡವೊಂದಕ್ಕೆ ಅಡಿಗಲ್ಲು ಇಡಿಸುವ ಉತ್ಸಾಹ ನಮ್ಮ ಮುಖಂಡರಿಗೆ ಯಾವಾಗಲೂ ಇದ್ದದ್ದೇ. ಇಲ್ಲಿ ಕಲ್ಲು ಬೇಡ, ರಿಜಿಸ್ಟರ್ ಸಾಕು. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಗುಳಿಗೆಗಾಗಿಯೇ ಬರುವವರ ಹೆಸರನ್ನು ಊರುವಾರು ಬರೆಯಲಿ. ಯಾವ ಊರಿಗೆ ತಿಂಗಳಿಗೆ ಎಷ್ಟು ಗುಳಿಗೆ ಬೇಕೆಂದು ಲೆಕ್ಕ ಹಾಕಿ ಉಪಕೇಂದ್ರಕ್ಕೆ ಕಳಿಸಲಿ. ಡಾಕ್ಟರರ ಮುಂದೆ ಬರಬೇಕಾದವರು ಮೂರು ತಿಂಗಳಿಗೊಮ್ಮೆ ಬರಲಿ. ವಾರಕ್ಕೊಂದು ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ ಹೊರರೋಗಿಗಳನ್ನು ನೋಡಲಿ. ಬರುವ ತೊಗರಿ ರಾಶಿಗೆ ಮುಂಚೆ ಒಂದೇ ಹೋಬಳಿಯಲ್ಲಾದರೂ ಇದನ್ನು ಮಾಡಿ ನೋಡಲು ಆರೋಗ್ಯಾಧಿಕಾರಿಗಳಿಗೆ ಏನು ಅಡ್ಡಿ?